ಶುಲ್ಕಪರಿಹಾರ ಮೀಮಾಂಸೆ: ಮುಂಬಯಿ ಶಾಖೆ

ವಿಮಾನದ ಟಿಕೆಟ್ ತೆಗೆಯುವಾಗ ಕೊನೆಯ ಪುಟದಲ್ಲಿ ಕಾಣಿಸಿಕೊಳ್ಳುವ ಕನ್ವೀನಿಯನ್ಸ್ ಫೀ ಎಂಬ ಪದಾರ್ಥ ಯಾವುದು, ಅದಕ್ಕೆ ಕಾರಣವೇನು, ಪ್ರೀಪೇಯ್ಡ್ ಕಾರ್ಡಿನಿಂದ ಅದು ನಿವಾರಣೆಯಾಗುವುದೇ ಎಂಬುದು ಇಲ್ಲಿನ ವಿಷಯ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆ ಮನೆಯಿದ್ದು, ಊರಿನಲ್ಲಿ ಕೋಲವೋ ಮದುವೆಯೋ ಇದ್ದು, ರಜೆ ಮೂರೇ ದಿನ ಸಿಕ್ಕಿದವನು. ಹತ್ತು ದಿನ ಸಿಕ್ಕಿದವನಿಗೆ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಉಂಟು. ಅವನು ಈ ಪುಟ ಮಗುಚಿ ಮುಂದಕ್ಕೆ ಹೋಗಬಹುದು.

ಮೊದಲು ಪ್ರಮಾಣದ ಮಾತು. ಪ್ರತ್ಯಕ್ಷ ಇಲ್ಲಿ ಕೆಲಸಕ್ಕೆ ಬಾರದು. ಮೊದಲ ಪುಟದಲ್ಲಿ ಕಾಣುವುದು ದರ ಮಾತ್ರ. ಸೀಟು, ತಿಂಡಿ, ವಿಮೆ ಎಲ್ಲಕ್ಕೂ ಬೇಡ ಬೇಡ ಎಂದು ಒತ್ತಿ, ಹೆಂಡತಿ ಮಕ್ಕಳ ಹೆಸರನ್ನು ಆಧಾರ್ ಕಾರ್ಡಿನಲ್ಲಿದ್ದ ಹಾಗೆಯೇ ತುಂಬಿ, ದುಡ್ಡು ಕೊಡುವ ಬಾಗಿಲಿಗೆ ಬಂದ ಮೇಲಷ್ಟೇ ಶುಲ್ಕದ ದರ್ಶನ. ‘ಕಾಣಲಿಲ್ಲ, ಆದ್ದರಿಂದ ಇಲ್ಲ’ ಎಂದು ಅನುಪಲಬ್ಧಿಯನ್ನು ನಂಬಿದವರು ಅಲ್ಲಿಯೇ ಕೆಟ್ಟರು. ಉಳಿದದ್ದು ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಿರಬೇಕು ಎಂದು ಮೀಮಾಂಸಕರು ಅಷ್ಟು ಶತಮಾನಗಳ ಹಿಂದೆಯೇ ಹೇಳಿಟ್ಟದ್ದು ಅಗ್ಗದ ದರದ ವಿಮಾನ ಕಂಪನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇನ್ನು ಲಕ್ಷಣ. ಇದು ಟಿಕೆಟ್ಟಿಗೆ ಬೀಳುವ ಶುಲ್ಕವಲ್ಲ, ತಲೆಗೆ ಬೀಳುವುದು. ಹೋಗುವ ತಲೆಗೊಂದು, ಬರುವ ತಲೆಗೊಂದು. ಮುನ್ನೂರು ರೂಪಾಯಿ ಎಂದಿಟ್ಟುಕೊಂಡರೆ ನಾಲ್ವರ ಸಂಸಾರ ಊರಿಗೆ ಹೋಗಿ ಬರಲು 2,400. ಒತ್ತಿದ್ದು ಒಂದು ಬಟನ್, ಬಂದದ್ದು ಒಂದು ಓಟಿಪಿ, ಶುಲ್ಕ ಮಾತ್ರ ಎಂಟು. ‘ಬ್ಯಾಂಕಿನವರು ಅಂಗಡಿಯವರಿಂದ ಕಮಿಷನ್ ಹಿಡಿಯುತ್ತಾರಲ್ಲ, ಅದಕ್ಕಾಗಿ’ ಎಂಬುದು ಪೂರ್ವಪಕ್ಷ. ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ಆ ಕಮಿಷನ್ನನ್ನು ಸರಕಾರ 2020ರ ಜನವರಿ 1ರಿಂದಲೇ ಸೊನ್ನೆ ಮಾಡಿದೆ. ಹಾಗಿದ್ದೂ ಕೆಲವು ಕಡೆ ಯುಪಿಐನಲ್ಲಿ ಕೊಟ್ಟರೂ ಶುಲ್ಕ ಬೀಳುವುದರಿಂದ ಪೂರ್ವಪಕ್ಷ ಬಿತ್ತು. ಕಾರಣವಿಲ್ಲದೆ ಕಾರ್ಯವಿದೆ. ಇದಕ್ಕೆ ಸ್ವಯಂಭೂ ಎಂದು ಹೆಸರಿಟ್ಟು ಮುಂದೆ ಹೋಗೋಣ.

ಇತಿಹಾಸವನ್ನು ಕೆದಕಿದರೆ, ಮುಂಬಯಿಗೆ ಬಂದಿಳಿದ ಮೊದಮೊದಲ ಪ್ರೀಪೇಯ್ಡ್ ಪ್ರಯಾಣಿಕರು ಮನುಷ್ಯರಲ್ಲ, ಕಾಗದಗಳು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಹೊರಟು ಅಹಮದಾಬಾದಿನ ಮೇಲಾಗಿ ಜುಹೂಗೆ ತಂದದ್ದು ಅಂಚೆಯ ಚೀಲ. ಒಳಗಿದ್ದವರೆಲ್ಲ ಹತ್ತುವ ಮೊದಲೇ ಚೀಟಿ ಅಂಟಿಸಿಕೊಂಡು, ಠಸ್ಸೆ ಹೊಡೆಸಿಕೊಂಡು, ಬಾಯಿ ಮುಚ್ಚಿಕೊಂಡು ಕೂತಿದ್ದರು. ವಿಮಾನ ಕಂಪನಿಗಳು ಆದರ್ಶ ಪ್ರಯಾಣಿಕ ಎಂದರೆ ಇಂದಿಗೂ ಇದನ್ನೇ ನೆನೆಯುತ್ತವೆ. ವಿಮಾನದ ಅಂಚೆಗೆ ಸಾದಾ ಅಂಚೆಗಿಂತ ಹೆಚ್ಚಿನ ಚೀಟಿ ಅಂಟಿಸಬೇಕಿತ್ತು ಎಂಬುದನ್ನೂ ಇಲ್ಲಿಯೇ ಗುರುತಿಸತಕ್ಕದ್ದು.

ಪ್ರೀಪೇಯ್ಡ್ ಕಾರ್ಡಿನಿಂದ ಶುಲ್ಕ ನಿಜವಾಗಿ ತೊಲಗಿದ ಪುಣ್ಯಕಾಲ ಒಂದು ಇತ್ತು. ಅದು ಐರ್ಲೆಂಡಿನ ರಯಾನ್‌ಏರ್ ಕಂಪನಿಯಲ್ಲಿ. 2009ರ ಕೊನೆಯವರೆಗೆ ಅಲ್ಲಿ ವೀಸಾ ಎಲೆಕ್ಟ್ರಾನ್ ಎಂಬ ಕಾರ್ಡಿದ್ದವರಿಗೆ ಶುಲ್ಕ ಮಾಫಿ. ಜನ ಮುಗಿಬಿದ್ದು ಆ ಕಾರ್ಡು ಮಾಡಿಸಿಕೊಂಡರು. 2010ರ ಜನವರಿ ಬಂದದ್ದೇ ಮಾಫಿ ಮಾಸ್ಟರ್‌ಕಾರ್ಡಿನ ಪ್ರೀಪೇಯ್ಡ್ ಕಾರ್ಡಿಗೆ ವರ್ಗವಾಯಿತು. ಜನ ಅದನ್ನೂ ಮಾಡಿಸಿಕೊಂಡರು. 2011ರಲ್ಲಿ ಕಂಪನಿ ತನ್ನದೇ ಹೆಸರಿನ ಪ್ರೀಪೇಯ್ಡ್ ಕಾರ್ಡು ತೆಗೆದು, ಇನ್ನು ಮಾಫಿ ಇದಕ್ಕೆ ಮಾತ್ರ ಎಂದಿತು. ಇಲ್ಲದವನಿಗೆ ತಲೆಗೆ, ಹಾರಾಟಕ್ಕೆ ಆರು ಪೌಂಡ್. ನಾಲ್ವರು ಹೋಗಿ ಬಂದರೆ ನಲವತ್ತೆಂಟು. ಆ ಕಾರ್ಡನ್ನು ಆರು ತಿಂಗಳು ಮುಟ್ಟದಿದ್ದರೆ ತಿಂಗಳಿಗಿಷ್ಟು ಎಂದು ಕಾರ್ಡೇ ಶುಲ್ಕ ನುಂಗುತ್ತಿತ್ತು. ಶುಲ್ಕ ಸಾಯುವುದಿಲ್ಲ, ಹಳೆಯ ಕಾರ್ಡು ಬಿಟ್ಟು ಹೊಸ ಕಾರ್ಡು ಸೇರುತ್ತದೆ ಎಂಬ ನಮ್ಮ ಸಿದ್ಧಾಂತಕ್ಕೆ ಇಷ್ಟು ಸ್ವಚ್ಛವಾದ ದೃಷ್ಟಾಂತ ಉಪನಿಷತ್ತು ಓದಿದವರಿಗೂ ಸಿಗಲಿಕ್ಕಿಲ್ಲ. 2018ರ ಜನವರಿ 13ರಿಂದ ಬ್ರಿಟನ್ನಿನಲ್ಲಿ ಕಾರ್ಡಿನ ಮೇಲಿನ ಹೆಚ್ಚುವರಿ ಶುಲ್ಕಕ್ಕೆ ಕಾನೂನಿನ ನಿಷೇಧ ಬಂತು. ಅಲ್ಲಿಂದಾಚೆ ಸೀಟಿಗೂ ಚೀಲಕ್ಕೂ ಎಷ್ಟಾಯಿತೆಂಬುದು ಬೇರೆ ಗ್ರಂಥದ ವಿಷಯ.

ಕಾರ್ಡಿನಿಂದ ಶುಲ್ಕ ತಪ್ಪಿಸುವ ಆ ವಿದ್ಯೆ ಮುಲುಂಡಿಗೆ ಬಂದದ್ದು ಅಳಿಯನ ಫೋನಿನಲ್ಲಿ. ಶಿಷ್ಯರಾದವರು ಹೋಟೆಲಿನ ಗಲ್ಲಾದಲ್ಲಿ ಕೂರುವ ನಮ್ಮ ಮಾವ. ‘ಪ್ರಶ್ನೆ ದುಡ್ಡಿನದ್ದಲ್ಲ ಮಾರಾಯ. ಇಡ್ಲಿ ತಿಂದವನಿಗೆ ಬಿಲ್ಲು ಕೊಡುವಾಗ ನೀವು ಕೂತು ತಿಂದದ್ದಕ್ಕೆ ಐವತ್ತು ಬೇರೆ ಅಂತ ಹೇಳಿ ನೋಡು, ಗ್ಲಾಸು ಬೀಸಿ ಒಗೆಯುತ್ತಾನೆ’ ಎಂಬುದು ಮಾವನ ಭಾಷ್ಯ. ಶುಲ್ಕ ಮಾಫಿಯ ಕಾರ್ಡು ಇಲ್ಲಿ ಸಿಗದ್ದರಿಂದ ಅವರು ಅನುಕಲ್ಪ ಹಿಡಿದರು: ರಿಯಾಯಿತಿಯಲ್ಲಿ ಸಿಗುವ ಗಿಫ್ಟ್ ಕಾರ್ಡು ಕೊಂಡರೆ ಉಳಿದ ದುಡ್ಡಿನಲ್ಲಿ ಶುಲ್ಕ ಕಳೆಯುತ್ತದೆ ಎಂದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಗಿಫ್ಟ್ ಕಾರ್ಡಿನಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ತುಂಬುವಂತಿಲ್ಲ, ಮುಗಿದ ಮೇಲೆ ಮತ್ತೆ ತುಂಬುವಂತಿಲ್ಲ, ಉಳಿದದ್ದನ್ನು ನಗದಾಗಿ ತೆಗೆಯುವಂತಿಲ್ಲ. ಮೇ ತಿಂಗಳ ರಜೆ, ನಾಲ್ಕು ಜನ. ಹತ್ತು ಸಾವಿರ ಎಲ್ಲಿಗೆ ಸಾಕು? ನಾಲ್ಕು ಕಾರ್ಡು ತಂದರು. ಒಂದು ಟಿಕೆಟ್ಟಿಗೆ ಎರಡು ಕಾರ್ಡು ಕೂಡಿಸಲಿಕ್ಕಾಗುವುದಿಲ್ಲ ಎಂದು ಪರದೆ ಹೇಳಿತು. ಹಾಗಾಗಿ ನಾಲ್ವರಿಗೂ ಬೇರೆ ಬೇರೆ ಟಿಕೆಟ್, ಬೇರೆ ಬೇರೆ ಪಿಎನ್ಆರ್.

ಮಾವ ನಾಲ್ಕನೆಯ ಸಾಲು, ಅತ್ತೆ ಇಪ್ಪತ್ತೇಳನೆಯದು. ಅದು ಇಬ್ಬರಿಗೂ ಹಿತವಾಗಿಯೇ ಇತ್ತು ಎಂದು ಮಕ್ಕಳ ಸಾಕ್ಷಿ. ತೊಡಕಾದದ್ದು ಬರುವಾಗ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಉಪ್ಪಿನಕಾಯಿಯ ಡಬ್ಬ ಸೇರಿ ಅತ್ತೆಯ ಚೀಲ 19 ಕಿಲೊ ತೂಗಿತು, ಮಾವನದು ಎಂಟು. ‘ಗಂಡ ಹೆಂಡತಿ ಒಟ್ಟಿಗೆ ಲೆಕ್ಕ ಹಾಕಿ ಅಮ್ಮ, ಮೂವತ್ತರೊಳಗೇ ಉಂಟಲ್ಲ’ ಎಂದರು ಮಾವ. ‘ಪಿಎನ್ಆರ್ ಬೇರೆ ಸರ್, ಒಟ್ಟಿಗೆ ಆಗುವುದಿಲ್ಲ’ ಎಂದಳು ಕೌಂಟರಿನ ಹುಡುಗಿ. ಹದಿನೈದರ ಮೇಲಿನ ನಾಲ್ಕು ಕಿಲೊಗೆ ದಂಡ ಬಿತ್ತು. ಹಪ್ಪಳದ ಕಟ್ಟನ್ನು ಮಾವನ ಚೀಲಕ್ಕೆ ಬದಲಿಸಬಹುದಿತ್ತು ಎಂದು ಅಲ್ಲಿದ್ದ ಯಾರಿಗೂ ಹೊಳೆಯದಿದ್ದುದು ಶಾಸ್ತ್ರದ ಸೋಲಲ್ಲ. ತತ್ತ್ವಚರ್ಚೆ ನಡೆಯುವಾಗ ಬುದ್ಧಿ ಚೀಲದ ಕಡೆಗೆ ಹೋಗುವುದಿಲ್ಲ.

ಮುಂಗಡ ಕೊಡುವುದೇ ತಪ್ಪು ಎಂದು ಯಾರೂ ತಿಳಿಯಬಾರದು. ಮಾಟುಂಗಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ 1942ರಿಂದ ಊಟ ನಡೆದಿದೆ. ಮೊದಲು ಕೂಪನ್, ಆಮೇಲೆ ಎಲೆ. ಆಮೇಲೆ ಸಾರಿಗೆ ಬೇರೆ, ಎರಡನೆಯ ಸಲದ ಅನ್ನಕ್ಕೆ ಬೇರೆ ಎಂದು ಯಾರೂ ಬಂದು ನಿಲ್ಲುವುದಿಲ್ಲ. ಲೋಕಲ್ ಸ್ಟೇಷನ್ನಿನ ಯಂತ್ರದ ಬಾಯಿಗಿಟ್ಟು ಠಸ್ಸೆ ಹೊಡೆಸಿಕೊಳ್ಳುತ್ತಿದ್ದ ಸಿವಿಎಂ ಕೂಪನ್ನಿನ ಪುಸ್ತಕವೂ ಅದೇ ಪರಂಪರೆಯದು. ಅದಕ್ಕೆ ಇದ್ದ ದೋಷ ಒಂದೇ, ಮಳೆಗಾಲದಲ್ಲಿ ಪ್ಯಾಂಟಿನ ಕಿಸೆಯಲ್ಲಿ ಮುದ್ದೆಯಾಗುತ್ತಿತ್ತು.

ರೈಲಿನವರ ಪಂಥಕ್ಕೆ ಎರಡು ಮಾತು ಸಾಕು. ನೋಟು ರದ್ದಾದ 2016ರ ನವೆಂಬರಿನಲ್ಲಿ ಐಆರ್‌ಸಿಟಿಸಿಯ ಸೇವಾಶುಲ್ಕ ಮಾಯವಾಗಿತ್ತು. 2019ರ ಸೆಪ್ಟೆಂಬರ್ 1ಕ್ಕೆ ಕನ್ವೀನಿಯನ್ಸ್ ಫೀ ಆಗಿ ಮರುಹುಟ್ಟು ಪಡೆಯಿತು: ಸಾದಾ ದರ್ಜೆಗೆ 15, ಎಸಿಗೆ 30, ಯುಪಿಐಯಲ್ಲಾದರೆ 10 ಮತ್ತು 20. ಅದೂ ಟಿಕೆಟ್ಟಿಗೆ, ತಲೆಗಲ್ಲ. ಅಷ್ಟನ್ನೂ ಕೊಡಲಾರದೆ ಬೆಳಿಗ್ಗೆ ಡೊಂಬಿವಲಿಯ ರಿಸರ್ವೇಶನ್ ಕೌಂಟರಿನ ಮುಂದೆ ಕ್ಯೂ ನಿಲ್ಲುವ ನಿವೃತ್ತರಿದ್ದಾರೆ. ಅವರಿಗೆ ಶುಲ್ಕ ಉಳಿಯುತ್ತದೆ, ಹೊತ್ತೂ ಹೋಗುತ್ತದೆ, ಊರಿನವರು ನಾಲ್ಕು ಜನ ಮಾತಿಗೆ ಸಿಗುತ್ತಾರೆ. ಶಾಸ್ತ್ರದ ಫಲ ಪೂರ್ತಿಯಾಗಿ ದಕ್ಕಿದ್ದು ಇವರಿಗೇ ಇರಬೇಕು.

ಕೊನೆಗೆ ಉಳಿದದ್ದು ಶೇಷ ಪ್ರಕರಣ. ಮಾವನ ನಾಲ್ಕು ಕಾರ್ಡುಗಳಲ್ಲಿ ಒಂದರಲ್ಲಿ 43 ರೂಪಾಯಿ, ಇನ್ನೊಂದರಲ್ಲಿ 7, ಮತ್ತೊಂದರಲ್ಲಿ 112 ಉಳಿದಿವೆ. ನಾಲ್ಕನೆಯದು ಎಲ್ಲಿಟ್ಟರೆಂದು ಸಿಕ್ಕಿಲ್ಲ. ಹೀಗೆ ಉಳಿಕೆಯಿರುವ ಕಾರ್ಡನ್ನು ಮದುವೆಯ ಉಡುಗೊರೆಯ ಕವರಿನಲ್ಲಿ ಹಾಕಿ ಕೊಡಬಹುದೇ ಎಂಬ ಪ್ರಶ್ನೆ ಬಂಟರ ಸಂಘದ ಸಭಾಭವನಕ್ಕೆ ಹೊರಟ ರಿಕ್ಷಾದಲ್ಲಿ ಎದ್ದಿತು. ಕವರಿನ ಮೇಲೆ ಒಂದು ರೂಪಾಯಿಯ ನಾಣ್ಯ ಅಂಟಿಸಿಯೇ ಇರುವುದರಿಂದ 43 ಎಂಬುದು ನಲವತ್ತನಾಲ್ಕಾಗುತ್ತದೆ, 112 ಎಂಬುದು ನೂರಹದಿಮೂರಾಗುತ್ತದೆ. ಬೆಸ ಸಂಖ್ಯೆಯೇ ಶುಭವಾದ್ದರಿಂದ ಎರಡನೆಯದು ಆಗಬಹುದು ಎಂದು ಮಾವ ತೀರ್ಪಿತ್ತರು. ಕಾರ್ಡಿನ ಪಿನ್ನನ್ನು ಕವರಿನೊಳಗೆ ಬರೆದಿಡಬೇಕೇ ಎಂಬಲ್ಲಿ ಮಾತ್ರ ಮಾವನಿಗೂ ಅತ್ತೆಗೂ ಭಿನ್ನಮತವಿದೆ.