ಸಿಂಹ ಪುನಶ್ಚೇತನ ಮೀಮಾಂಸೆ: ಐದು ಸೂತ್ರ, ಸಭಾಷ್ಯ

ಪೀಠಿಕೆ

ಗೆದ್ದ ತಂಡ ಗೆದ್ದೆ ಎನ್ನುತ್ತದೆ. ಸೋತ ತಂಡ ಸೋತೆ ಎನ್ನುವುದಿಲ್ಲ. ‘ತಂಡ ಕಟ್ಟುತ್ತಿದ್ದೇವೆ’ ಎನ್ನುತ್ತದೆ. ಎರಡೇ ಪದಗಳ ಈ ಮಹಾವಾಕ್ಯಕ್ಕೆ ಇಷ್ಟು ದಿನವಾದರೂ ಒಂದು ಭಾಷ್ಯ ಇಲ್ಲದಿರುವುದು ಶೃಂಗೇರಿ, ಮೇಲುಕೋಟೆ, ಉಡುಪಿ ಮೂರೂ ಇರುವ ನಾಡಿಗೆ ಶೋಭೆಯಲ್ಲ. ಆ ಕೊರತೆ ನೀಗಿಸಲು ಈ ಕಿರುಗ್ರಂಥ.

ಶಾಸ್ತ್ರದ ಪದ್ಧತಿಯಂತೆ ಮೊದಲು ಅನುಬಂಧ ಚತುಷ್ಟಯ. ವಿಷಯ: ಮಹಾರಾಜ ಟ್ರೋಫಿ ಟಿ20 ಕ್ರಿಕೆಟ್‌ನ ಶಿವಮೊಗ್ಗ ಲಯನ್ಸ್ ತಂಡ. ಪ್ರಯೋಜನ: ಸೋತ ರಾತ್ರಿಯೂ ಊಟ ಸೇರುವಂತೆ ಮಾಡುವುದು. ಸಂಬಂಧ: ಊರಿಗೂ ತಂಡಕ್ಕೂ ಇರುವುದೇನು ಎಂಬುದೇ ಇಲ್ಲಿನ ಪ್ರಶ್ನೆಯಾದ್ದರಿಂದ ಸದ್ಯಕ್ಕೆ ಖಾಲಿ ಬಿಟ್ಟಿದೆ. ಅಧಿಕಾರಿ, ಅಂದರೆ ಓದುವ ಯೋಗ್ಯತೆ ಉಳ್ಳವನು: ಕೊನೆಯ ಓವರಿನಲ್ಲಿ ನಲವತ್ತು ರನ್ ಬೇಕಿದ್ದಾಗಲೂ ಟೀವಿ ಆರಿಸದವನು. ಗ್ರಂಥ ರಚನೆಯಾದ ಸ್ಥಳ: ತ್ಯಾವರೆಕೊಪ್ಪದ ಹುಲಿ–ಸಿಂಹಧಾಮದ ಟಿಕೆಟ್ ಸಾಲು.

ಇನ್ನು ಪ್ರಮಾಣ. 2022ರಿಂದ 2025ರವರೆಗೆ ನಾಲ್ಕು ಟ್ರೋಫಿ, ಆರು ತಂಡ. ಕಪ್ ಗೆದ್ದವರು ಕ್ರಮವಾಗಿ ಗುಲ್ಬರ್ಗಾ, ಹುಬ್ಬಳ್ಳಿ, ಮೈಸೂರು, ಮಂಗಳೂರು. ಫೈನಲ್‌ನಲ್ಲಿ ಸೋತವರು ಬೆಂಗಳೂರು, ಮೈಸೂರು, ಮತ್ತೆ ಬೆಂಗಳೂರು, ಹುಬ್ಬಳ್ಳಿ. ಆರರಲ್ಲಿ ಐದು ಹೆಸರು ಬಂದುಹೋದವು. ಉಳಿದ ಒಂದು ಯಾವುದೆಂದು ತಿಳಿಯಲು ನ್ಯಾಯಶಾಸ್ತ್ರ ಓದಿರಬೇಕಿಲ್ಲ. ಗೋಪಿ ಸರ್ಕಲ್‌ನಲ್ಲಿ ಒಂದು ಲೋಟ ಕಾಫಿ ಕುಡಿದರೆ ಸಾಕು.

ಸೂತ್ರ 1: ಹೆಸರು ಬದಲಿಸಿದರೆ ಹಣೆಬರಹ ಬದಲಾಗುತ್ತದೆ

ಭಾಷ್ಯ: ಈ ಊರಿನ ತಂಡವನ್ನು ಅಗೆದು ನೋಡಿದರೆ ಹಂಪಿಯಂತೆ ಪದರ ಪದರವಾಗಿ ಸಿಗುತ್ತದೆ. ಕೆಳಗಿನ ಪದರ, 2009ರ ಕರ್ನಾಟಕ ಪ್ರೀಮಿಯರ್ ಲೀಗ್‌ನ ಮಲ್ನಾಡ್ ಗ್ಲಾಡಿಯೇಟರ್ಸ್. ಅದರ ಮೇಲೆ ‘ನಮ್ಮ ಶಿವಮೊಗ್ಗ’ ಎಂಬ ಹೆಸರಿನ ತಂಡ. 2018ರಲ್ಲಿ ಶಿವಮೊಗ್ಗ ಲಯನ್ಸ್. 2019ರ ನಂತರ ಫಿಕ್ಸಿಂಗ್ ಪ್ರಕರಣದ ಧೂಳಿನಲ್ಲಿ ಲೀಗೇ ಹೂತುಹೋಯಿತು. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಕಟ್ಟಡ ಎದ್ದಾಗ ಶಿವಮೊಗ್ಗ ಸ್ಟ್ರೈಕರ್ಸ್. 2023ರಲ್ಲಿ ಮತ್ತೆ ಲಯನ್ಸ್.

ಸಿಂಹವೇ ಏಕೆ ಎಂಬ ಪ್ರಶ್ನೆಗೆ ಶಾಸನಾಧಾರವಿದೆ. ಇದೇ ಜಿಲ್ಲೆಯ ತಾಳಗುಂದದಲ್ಲಿ ಸಿಕ್ಕ ಸಿಂಹ ಕಟಾಂಜನ ಶಾಸನ ಕ್ರಿ.ಶ. 370ರದು, ಹಲ್ಮಿಡಿಗಿಂತಲೂ ಹಳೆಯದು ಎಂದು ಪುರಾತತ್ವ ಇಲಾಖೆಯ ವಿದ್ವಾಂಸರು ಹೇಳಿದ್ದಾರೆ. ಅಂದರೆ ಕನ್ನಡ ಅಕ್ಷರ ಕಲಿತದ್ದೇ ಶಿವಮೊಗ್ಗದ ಸಿಂಹದ ಪಕ್ಕದಲ್ಲಿ ಕುಳಿತು. ಊರಿನ ಹೆಸರನ್ನು ಕೆಲವರು ‘ಶಿವಮುಖ’ದಿಂದಲೂ ಕೆಲವರು ‘ಸಿಹಿಮೊಗೆ’ಯಿಂದಲೂ ಹುಟ್ಟಿಸುತ್ತಾರೆ. ಪ್ರಸ್ತುತ ಗ್ರಂಥಕರ್ತನ ಮತದಲ್ಲಿ ಅದು ‘ಸಿಂಹಮೊಗ’. ಇದಕ್ಕೆ ಆಧಾರವೇನೂ ಇಲ್ಲ. ತಂಡದ ಟೀ-ಶರ್ಟಿನ ಮೇಲಿರುವ ಚಿತ್ರವೊಂದೇ.

ಆದರೆ ಫಲ? ಸಿಂಹವೆಂಬ ಹೆಸರಿಟ್ಟ 2018ರಲ್ಲಿ ಕಪ್ ಬಿಜಾಪುರ ಬುಲ್ಸ್‌ಗೆ ಹೋಯಿತು. 2019ರಲ್ಲಿ ಹುಬ್ಬಳ್ಳಿ ಟೈಗರ್ಸ್‌ಗೆ. ಮತ್ತೆ ಸಿಂಹವಾದ 2023ರಲ್ಲಿ ಪುನಃ ಟೈಗರ್ಸ್‌ಗೆ. 2025ರಲ್ಲಿ ಮಂಗಳೂರು ಡ್ರ್ಯಾಗನ್ಸ್‌ಗೆ. ಪಂಚತಂತ್ರದಲ್ಲಿ ಸಿಂಹ ಗೂಳಿಯನ್ನು ಕೊಲ್ಲುತ್ತದೆ. ನಮ್ಮ ಲೀಗ್‌ನಲ್ಲಿ ಗೂಳಿ ಗೆದ್ದಿತು, ಹುಲಿ ಗೆದ್ದಿತು, ಭೂಮಿಯ ಮೇಲೆ ಎಂದೂ ಇರದಿದ್ದ ಪ್ರಾಣಿಯೂ ಗೆದ್ದಿತು. ಹೊಯ್ಸಳರ ಸಳ ಇರಿದದ್ದು ಹುಲಿಯನ್ನೋ ಸಿಂಹವನ್ನೋ ಎಂದು ಪಂಡಿತರು ಇನ್ನೂ ಕಾದಾಡುತ್ತಿದ್ದಾರೆ. ಪಾಯಿಂಟ್ಸ್ ಪಟ್ಟಿ ನೋಡಿದವರಿಗೆ ಸಂಶಯವಿಲ್ಲ: ಸಿಂಹವನ್ನೇ.

ಸೂತ್ರ 2: ನಮ್ಮನ್ನು ಹೊಡೆದವನನ್ನು ಕರೆತಾ; ನಮಗಾಗಿ ಹೊಡೆದವನನ್ನು ಕಳಿಸಿಕೊಡು

ಭಾಷ್ಯ: 2019ರ ಆಗಸ್ಟ್‌ನಲ್ಲಿ ಬಳ್ಳಾರಿ ಟಸ್ಕರ್ಸ್‌ನ ಕೃಷ್ಣಪ್ಪ ಗೌತಮ್ ಶಿವಮೊಗ್ಗ ಲಯನ್ಸ್ ವಿರುದ್ಧ 56 ಎಸೆತಗಳಲ್ಲಿ ಔಟಾಗದೆ 134 ರನ್ ಹೊಡೆದರು. ದಣಿದಿರಬೇಕು ಎಂದು ಸಿಂಹಗಳು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಚೆಂಡು ಹಿಡಿದು 15 ರನ್‌ಗೆ 8 ವಿಕೆಟ್ ತೆಗೆದರು. ಟಸ್ಕರ್ ಎಂದರೆ ದಂತವಿರುವ ಆನೆ. ಸಕ್ರೆಬೈಲಿನ ಬಿಡಾರದಲ್ಲಿ ಆನೆ ಪಳಗಿಸುವುದನ್ನು ನೋಡಿ ಬೆಳೆದ ಊರಿಗೇ ಆನೆ ಹೀಗೆ ಪಾಠ ಕಲಿಸಿತು. ಮುಂದೆ 2022ರಲ್ಲಿ ಅದೇ ಗೌತಮ್ ಶಿವಮೊಗ್ಗ ಸ್ಟ್ರೈಕರ್ಸ್ ಪಾಳೆಯದಲ್ಲಿದ್ದರು. ಆದರೆ ಎದುರಿಗೆ ಆಡುವಾಗ ಅವರಿಗಿದ್ದ ಒಂದು ಅನುಕೂಲ ಇಲ್ಲಿ ಇರಲಿಲ್ಲ: ಎದುರು ಪಾಳೆಯದಲ್ಲಿ ಶಿವಮೊಗ್ಗ.

ಸೂತ್ರದ ಉತ್ತರಾರ್ಧಕ್ಕೆ ಉದಾಹರಣೆ ಅಭಿನವ್ ಮನೋಹರ್. 2023ರ ಹರಾಜಿನಲ್ಲಿ 15 ಲಕ್ಷಕ್ಕೆ ಶಿವಮೊಗ್ಗ ಅವರನ್ನು ಕೊಂಡಿತು. ಆ ವರ್ಷದ ಅತಿ ಹೆಚ್ಚಿನ ಬೆಲೆ ಅದೇ. 2025ರ ಹರಾಜಿನಲ್ಲಿ 12.20 ಲಕ್ಷಕ್ಕೆ ಅವರು ಹುಬ್ಬಳ್ಳಿ ಟೈಗರ್ಸ್ ಪಾಲಾದರು. ಸಿಂಹ ಹುಲಿಯಾಗುವ ಈ ರೂಪಾಂತರ ಯಾವ ಜೀವಶಾಸ್ತ್ರದಲ್ಲೂ ಇಲ್ಲ. ಹರಾಜಿನ ಸುತ್ತಿಗೆಗೆ ಮಾತ್ರ ಆ ಶಕ್ತಿಯಿದೆ. ಆ ವರ್ಷ ಹುಬ್ಬಳ್ಳಿ ಫೈನಲ್‌ವರೆಗೂ ಹೋಯಿತು.

ಸೂತ್ರ 3: ಒಂದು ಸರಕಿನಿಂದ ಗೋಣಿ ತುಂಬುವುದಿಲ್ಲ

ಭಾಷ್ಯ: ಇದು ಶಿವಮೊಗ್ಗದ ಅಡಿಕೆ ಮಂಡಿಯವರಿಗೆ ವಿವರಿಸಬೇಕಾದ ಸೂತ್ರವಲ್ಲ. ಅಲ್ಲಿ ಅಡಿಕೆಗೆ ನಾಲ್ಕು ಜಾತಿ: ಸರಕು, ಬೆಟ್ಟೆ, ರಾಶಿ, ಗೊರಬಲು. ಆಟಗಾರರ ಹರಾಜಿನಲ್ಲೂ ನಾಲ್ಕೇ: ಎ, ಬಿ, ಸಿ, ಡಿ. ಸರಕಿನ ಬೆಲೆ ಪೇಪರಿನಲ್ಲಿ ಬರುತ್ತದೆ. ಬೆಳೆಗಾರನ ಸಾಲ ತೀರಿಸುವುದು ರಾಶಿ. ಈ ರಹಸ್ಯ ತಿಳಿಯದೆ ಹರಾಜಿಗೆ ಕೂತವರು ಮಂಡಿಯಲ್ಲಿ ಒಂದು ವರ್ಷವೂ ಉಳಿಯಲಾರರು. ಕ್ರಿಕೆಟ್‌ನಲ್ಲಿ ಉಳಿಯಬಹುದು.

2024ರ ಲೆಕ್ಕ ನೋಡಿ. ಅಭಿನವ್ ಮನೋಹರ್ ಶಿವಮೊಗ್ಗಕ್ಕಾಗಿ 507 ರನ್ ಹೊಡೆದರು, ಅದರಲ್ಲಿ 52 ಸಿಕ್ಸರ್. ಸಿಕ್ಸರ್‌ಗಳಿಂದಲೇ 312 ರನ್. ಅಂದರೆ ಐದರಲ್ಲಿ ಮೂರು ಪಾಲು ರನ್ ಓಡದೆಯೇ ಬಂದದ್ದು. ಅದೇ ಚಳಿಗಾಲದಲ್ಲಿ ಹೈದರಾಬಾದಿನ ಐಪಿಎಲ್ ತಂಡ ಅವರನ್ನು 3.2 ಕೋಟಿಗೆ ಒಯ್ದಿತು. ಶಿವಮೊಗ್ಗ ಎಲ್ಲಿಗೆ ಹೋಯಿತು? ಎಲ್ಲಿಗೂ ಇಲ್ಲ. ಆರು ತಂಡಗಳಲ್ಲಿ ನಾಲ್ಕಕ್ಕೆ ಸೆಮಿಫೈನಲ್ ಇದ್ದರೂ ಆ ನಾಲ್ಕರೊಳಗೆ ಬರಲಿಲ್ಲ. ಇದರಿಂದ ಸಿದ್ಧವಾಗುವ ಪ್ರಮೇಯ: ಸಿಕ್ಸರ್ ಗ್ಯಾಲರಿಯನ್ನು ತಲುಪುತ್ತದೆ, ಸೆಮಿಫೈನಲನ್ನಲ್ಲ.

ಸೂತ್ರ 4: ಸೋಲಿನಲ್ಲೂ ಲಾಭವಿದೆ

ಭಾಷ್ಯ: ಇದು ಪರದೇಶದ ಮತ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್‌ನಲ್ಲಿ ಹೊಸ ಆಟಗಾರರನ್ನು ಆರಿಸುವಾಗ ಸೋತ ತಂಡಕ್ಕೆ ಆದ್ಯತೆ. ಹೀಗಾಗಿ ತಲೆಯಿರುವ ತಂಡಗಳು ಕೆಲವು ವರ್ಷ ಶ್ರದ್ಧೆಯಿಂದ ಸೋಲುತ್ತವೆ. ಫಿಲಡೆಲ್ಫಿಯಾ ತಂಡ 2015–16ರಲ್ಲಿ 82 ಪಂದ್ಯ ಆಡಿ 72 ಸೋತಿತು. ಮುಂದಿನ ಆಯ್ಕೆಯಲ್ಲಿ ಮೊದಲ ಆಟಗಾರ ಅದರದೇ ಆದ. ಸೋಲಿಗೂ ಬಡ್ಡಿ ಸಿಗುವ ಬ್ಯಾಂಕು ಅದು.

ಈ ಮತ ನಮ್ಮಲ್ಲಿ ನಿಲ್ಲುವುದಿಲ್ಲ. ಮಹಾರಾಜ ಟ್ರೋಫಿಯಲ್ಲಿ ಗೆದ್ದವನಿಗೂ ಸೋತವನಿಗೂ ಹರಾಜಿನ ಥೈಲಿ ಒಂದೇ ಅಳತೆಯದು. ಹತ್ತು ಪಂದ್ಯ ಸೋತರೂ ಹೆಚ್ಚಿಗೆ ಒಂದು ರೂಪಾಯಿ ಇಲ್ಲ. ಆದ್ದರಿಂದ ಶಿವಮೊಗ್ಗದ ಸೋಲು ನಿಷ್ಕಾಮ ಕರ್ಮ. ಫಲಾಪೇಕ್ಷೆಯಿಲ್ಲದೆ ಸೋಲುವ ಈ ಮಾರ್ಗ ಬಾಸ್ಕೆಟ್‌ಬಾಲ್‌ನವರಿಗೆ ಅರ್ಥವಾಗುವುದು ಕಷ್ಟ.

ಭದ್ರಾವತಿಯ ಪ್ರತಿಭಾಷ್ಯ: ಭದ್ರಾ ನದಿಯ ದಂಡೆಯವರು ಇಲ್ಲಿ ತಕರಾರು ಎತ್ತುತ್ತಾರೆ. ‘ಪುನಶ್ಚೇತನ’ ಎಂಬ ಪದದ ಮೇಲೆ ಮೊದಲ ಹಕ್ಕು ಅವರದು. 1923ರಲ್ಲಿ ಉತ್ಪಾದನೆ ಶುರುಮಾಡಿದ ಅವರ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಬಂದದ್ದು 2023ರ ಜನವರಿಯಲ್ಲಿ, ಸರಿಯಾಗಿ ನೂರು ತುಂಬಿದಾಗ. ಅದಕ್ಕೂ ಮೊದಲು, ಆಮೇಲೂ, ಪ್ರತಿ ಚುನಾವಣೆಯಲ್ಲೂ ಆ ಪದ ಕೇಳಿ ಕೇಳಿ ಅದರ ತೂಕ ಎಷ್ಟೆಂದು ಅವರಿಗೆ ಟನ್ನಿನ ಲೆಕ್ಕದಲ್ಲಿ ಗೊತ್ತು. ಜೊತೆಗೆ ಅವರ ಬಳಿ ಇನ್ನೊಂದು ದೃಷ್ಟಾಂತವಿದೆ. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್: 0. ಎರಡನೆಯದು: 137. ಪುನಶ್ಚೇತನವೆಂದರೆ ಅದು, ಒಂದೇ ಪಂದ್ಯದೊಳಗೆ, ಹರಾಜಿಲ್ಲದೆ, ಹೆಸರು ಬದಲಿಸದೆ.

ಸೂತ್ರ 5: ಸಿಂಹ ಇರುವುದು ಗುಹೆಯಲ್ಲಿ

ಭಾಷ್ಯ: ಉಳಿದ ನಾಲ್ಕೂ ಸೂತ್ರ ಈ ಒಂದಕ್ಕೆ ಪೀಠಿಕೆ. ಶಿವಮೊಗ್ಗ ತಂಡದ ಗುಹೆ ಎಲ್ಲಿದೆ? 2022ರಲ್ಲಿ ಮೈಸೂರು ಮತ್ತು ಬೆಂಗಳೂರು. 2023, 2024ರಲ್ಲಿ ಬೆಂಗಳೂರು. 2025ರಲ್ಲಿ ಮೈಸೂರು. ಶಿವಮೊಗ್ಗದ ನವುಲೆಯಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯದೇ ಮೈದಾನವಿದೆ, ರಣಜಿ ಪಂದ್ಯಗಳೇ ಅಲ್ಲಿ ನಡೆದಿವೆ. ಆದರೆ ಈ ನಾಲ್ಕು ವರ್ಷದಲ್ಲಿ ಶಿವಮೊಗ್ಗ ತಂಡ ಅಲ್ಲಿ ಮಹಾರಾಜ ಟ್ರೋಫಿಯ ಒಂದು ಪಂದ್ಯವನ್ನೂ ಆಡಲಿಲ್ಲ. ‘ಕ್ಯಾಚ್‌ಮೆಂಟ್’ ಎಂದು ಆಯಾ ಭಾಗದ ಆಟಗಾರರನ್ನು ತಂಡಕ್ಕೆ ಸೇರಿಸುವ ನಿಯಮವೇನೋ ಇದೆ. ಲಿಂಗನಮಕ್ಕಿ ಅಣೆಕಟ್ಟೆಯ ಕಡೆಯವರಿಗೆ ಕ್ಯಾಚ್‌ಮೆಂಟ್ ಎಂದರೇನೆಂದು ಚೆನ್ನಾಗಿ ಗೊತ್ತು: ನೀರು ಇಲ್ಲಿಯದು, ಬೆಳಕು ಬೇರೆ ಊರಿಗೆ.

ಪೂರ್ವಪಕ್ಷ ಒಂದು: ‘ಟೂರ್ನಿ ಬರುವುದು ಆಗಸ್ಟ್‌ನಲ್ಲಿ. ಆಶ್ಲೇಷ, ಮಘೆ ಮಳೆ ಮಲೆನಾಡಿನಲ್ಲಿ ಸುರಿಯುವ ಹೊತ್ತು. ಪಿಚ್ಚಿನ ಮೇಲೆ ಸಸಿ ನೆಡಬಹುದು, ಆಡಲಾಗದು.’ ಉತ್ತರ: 2025ರ ಫೈನಲ್ ನಡೆದದ್ದು ಮೈಸೂರಿನಲ್ಲಿ. ಅಲ್ಲೂ ಮಳೆ ಬಂತು. ಕೇರಳದ ಎಂಜಿನಿಯರ್ ಜಯದೇವನ್ ಅವರ ವಿಜೆಡಿ ಸೂತ್ರ ಹಾಕಿ ಮಂಗಳೂರು 14 ರನ್‌ಗಳಿಂದ ಗೆದ್ದಿತೆಂದು ಸಾರಿದರು. ನೆನೆಯುವುದೇ ಆದರೆ ನಮ್ಮೂರಲ್ಲೇ ನೆನೆಯಬಹುದಿತ್ತು. ಕೊಡೆಯಾದರೂ ಮನೆಯಿಂದ ಬರುತ್ತಿತ್ತು.

ಪೂರ್ವಪಕ್ಷ ಎರಡು: ‘ತಾಳ್ಮೆ ಬೇಕು. ಆರ್‌ಸಿಬಿ 2008ರಿಂದ ಕಾದು 2025ರಲ್ಲಿ, ಹದಿನೆಂಟನೇ ಸಲಕ್ಕೆ ಗೆಲ್ಲಲಿಲ್ಲವೇ?’ ಉತ್ತರ: ಆ ಪಂಚಾಂಗದಂತೆ ಶಿವಮೊಗ್ಗದ ಕಪ್ 2039ಕ್ಕೆ ಬರುತ್ತದೆ, ಮೊಮ್ಮಕ್ಕಳಿಗೆ ಹೇಳಿಡಬಹುದು. ಆದರೆ ಆರ್‌ಸಿಬಿ ತನ್ನ ಊರಿನ ಕಣ್ಣೆದುರು ಸೋಲುತ್ತಿತ್ತು. ಚಿನ್ನಸ್ವಾಮಿಯ ಗ್ಯಾಲರಿ ಬೈದು, ಅತ್ತು, ಮರುವರ್ಷ ಮತ್ತೆ ಟಿಕೆಟ್ ಕೊಂಡಿತು. ‘ಈ ಸಲ ಕಪ್ ನಮ್ದೇ’ ಎನ್ನುವಲ್ಲಿ ‘ನಮ್ದೇ’ ಎಂಬುದು ಹೀಗೆ ಬಂದ ಹಕ್ಕು. ಸೋತದ್ದನ್ನು ಹತ್ತಿರದಿಂದ ನೋಡದವನಿಗೆ ಗೆದ್ದಾಗ ಹಾಗೆನ್ನಲು ನಾಲಿಗೆ ಏಳುವುದಿಲ್ಲ.

ಪೂರ್ವಪಕ್ಷ ಮೂರು: ‘ಮಲೆನಾಡಿನಲ್ಲಿ ಸಿಂಹ ಎಲ್ಲಿತ್ತು? ಇದು ಹುಲಿಯ ಕಾಡು.’ ಇದು ಬಲವಾದ ಆಕ್ಷೇಪ, ಮತ್ತು ಇದಕ್ಕೆ ಉತ್ತರ ಹುಡುಕಿಯೇ ಗ್ರಂಥಕರ್ತ ತ್ಯಾವರೆಕೊಪ್ಪದ ಸಾಲಿನಲ್ಲಿ ನಿಂತದ್ದು. ಏಷ್ಯಾದ ಸಿಂಹಕ್ಕೆ ಉಳಿದ ಕಾಡು ಗುಜರಾತಿನಲ್ಲಿ ಮಾತ್ರ, ನಿಜ. ತ್ಯಾವರೆಕೊಪ್ಪದಲ್ಲೂ ಸಿಂಹ ಮುದಿಯಾಗುತ್ತದೆ, ಸಂಖ್ಯೆ ಇಳಿಯುತ್ತದೆ, ಬೇರೆ ಮೃಗಾಲಯದಿಂದ ತರಬೇಕಾಗುತ್ತದೆ. ಆದರೆ ಅಲ್ಲಿ ಬದಲಾವಣೆಗೆ ಕೇಂದ್ರ ಮೃಗಾಲಯ ಪ್ರಾಧಿಕಾರದ ಒಪ್ಪಿಗೆ ಬೇಕು. ಬಂದ ಪ್ರಾಣಿಯನ್ನು ಮೊದಲು ಬೇರೆ ಇಟ್ಟು ಆರೋಗ್ಯ ನೋಡುತ್ತಾರೆ, ಹೆಸರಿಡುತ್ತಾರೆ, ಪಾಲಕನ ದನಿ ರೂಢಿ ಮಾಡಿಸುತ್ತಾರೆ. ಹಲ್ಲು ಉದುರಿತೆಂದು ಯಾರೂ ಸುತ್ತಿಗೆ ಬಡಿದು ಹುಬ್ಬಳ್ಳಿಗೆ ಕಳಿಸುವುದಿಲ್ಲ. 1988ರಿಂದ ಹೀಗೆ ಇಲ್ಲಿದ್ದು, ಇಲ್ಲಿ ಉಂಡು, ಇಲ್ಲಿಯ ಮಳೆಯಲ್ಲಿ ನೆನೆದು ಅವು ಶಿವಮೊಗ್ಗದ ಸಿಂಹಗಳಾಗಿವೆ. ಸಾಗರದ ಬಸ್ಸಿನಲ್ಲಿ ಮಗು ಕಿಟಕಿಯಾಚೆ ಕೈ ತೋರಿಸಿ ‘ಅಲ್ಲಿ ನಮ್ಮ ಸಿಂಹ’ ಎಂದರೆ ಯಾರೂ ತಿದ್ದುವುದಿಲ್ಲ. ಊರು ಹುಟ್ಟಿನಿಂದಲೇ ಬರಬೇಕಿಲ್ಲ; ಇರುವಿಕೆಯಿಂದ ಬರುತ್ತದೆ.

ಫಲಶ್ರುತಿ

ಆದ್ದರಿಂದ ಸಿದ್ಧಾಂತ: ಇದುವರೆಗೆ ನಡೆದದ್ದು ಪುನಶ್ಚೇತನವಲ್ಲ, ಪಟ್ಟಿ ಪರಿಷ್ಕರಣೆ. ತಂಡ ಕಟ್ಟುವುದು ಹರಾಜಿನ ಮೇಜಿನ ಮೇಲೆ ಅಲ್ಲ, ನವುಲೆಯ ಹುಲ್ಲಿನ ಮೇಲೆ. ವರ್ಷಕ್ಕೆ ಎರಡೇ ಪಂದ್ಯ ತನ್ನಿ. ಮಳೆ ಬಂದರೆ ಬರಲಿ, ಸೋತರೆ ಸೋಲಲಿ, ಬೈಯಲು ನಾವಿದ್ದೇವೆ. ಆಗ ಪೀಠಿಕೆಯಲ್ಲಿ ಖಾಲಿ ಬಿಟ್ಟ ‘ಸಂಬಂಧ’ದ ಜಾಗವನ್ನು ಮುಂದಿನ ಮುದ್ರಣದಲ್ಲಿ ತುಂಬಲಾಗುವುದು.

ಅಲ್ಲಿಯವರೆಗೆ ಶಿವಮೊಗ್ಗದ ಸಿಂಹಗಳನ್ನು ಶಿವಮೊಗ್ಗದಲ್ಲೇ ನೋಡಬೇಕೆನ್ನುವವರು ಸಾಗರ ರಸ್ತೆಯಲ್ಲಿ ಸುಮಾರು ಹತ್ತು ಕಿಲೋಮೀಟರ್ ಹೋಗಿ ತ್ಯಾವರೆಕೊಪ್ಪದಲ್ಲಿ ಇಳಿಯತಕ್ಕದ್ದು. ಮಂಗಳವಾರ ರಜೆ.