ಕೊಡ್ಲಿ ಸೀಮೆಯ ಚಿಲ್ಲರೆ ನಾಣ್ಯಗಳ ದರ್ಜೆ ನಿರ್ಣಯ: ಒಂದು ಪೂರ್ವಪೀಠಿಕೆ

ನಾಣ್ಯಶಾಸ್ತ್ರದ ಮಹಾಪಂಡಿತರು ರೋಮಿನ ಪೋಪರ ಚಿಲ್ಲರೆಯ ಮೇಲೆ ಕಣ್ಣು ನೆಟ್ಟು ಕೂತಿರುವುದು ಸರ್ವವಿದಿತ. ಐದು ಕ್ವಾಟ್ರೀನೊಗೆ ಒಂದು ಬಯೋಕ್ಕೊ, ಹತ್ತು ಬಯೋಕ್ಕೊಗೆ ಒಂದು ಜೂಲಿಯೊ ಎಂದು ಅವರು ಮಗ್ಗಿ ಒಪ್ಪಿಸುತ್ತಾರೆ. 1590ರ ಸೆಪ್ಟೆಂಬರಿನಲ್ಲಿ ಏಳನೇ ಅರ್ಬನ್ ಪೋಪನಾಗಿ ಹದಿಮೂರೇ ದಿನಕ್ಕೆ ತೀರಿಕೊಂಡದ್ದೂ, ಪೀಠ ಬರಿದಾಗಿದ್ದಾಗ ಆ ಬರಿದು ಪೀಠದ ಹೆಸರಿನಲ್ಲೇ ನಾಣ್ಯ ಹೊಡೆಯುತ್ತಿದ್ದುದೂ ಅವರಿಗೆ ಕಂಠಪಾಠ. ಆದರೆ ಕಲಬುರಗಿ ಭಾಗದ ಕೊಡ್ಲಿಯ ನಮ್ಮ ಮನೆಯ ಅಟ್ಟದ ಮೇಲಿರುವ ಡಬ್ಬಿಯ ಸುದ್ದಿ ಯಾರೊಬ್ಬರೂ ಎತ್ತಿಲ್ಲ. ಈ ಕಳಂಕವನ್ನು ತೊಳೆಯಲೆಂದೇ ಪ್ರಸ್ತುತ ಪ್ರಬಂಧ ಹೊರಟಿದೆ.

ಪ್ರಾಚೀನತೆಯ ಮಾತು ಬೇಗ ಮುಗಿಸೋಣ. ಸನ್ನತಿಯಲ್ಲಿ ಶಾತವಾಹನರ ಸೀಸದ ನಾಣ್ಯ ಸಿಕ್ಕಿವೆ. ಮಳಖೇಡದ ರಾಷ್ಟ್ರಕೂಟರು ಅಷ್ಟು ದೊಡ್ಡ ರಾಜ್ಯ ಆಳಿದರೂ ಅವರದೇ ಎನ್ನಬಹುದಾದ ನಾಣ್ಯ ಬಲು ಅಪರೂಪ. ನಮ್ಮ ಭಾಗದಲ್ಲಿ ಉದ್ರಿ ವ್ಯವಹಾರ ಎಷ್ಟು ಹಳೆಯದೆಂಬುದಕ್ಕೆ ಬೇರೆ ಆಧಾರ ಬೇಡ.

ಡಬ್ಬಿಯಲ್ಲಿ ಮುಖ್ಯವಾಗಿ ಇರುವುದು ನಿಜಾಮರ ಹಾಲಿ ಸಿಕ್ಕಾ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಇಂಗ್ಲಿಷರ ಕಲ್ದಾರ್ ಆರು ರೂಪಾಯಿ ಬೇಕೆಂದರೆ ಹಾಲಿ ಏಳು ಎಣಿಸಬೇಕು. ವಾಡಿಯಲ್ಲಿ ಇಂಗ್ಲಿಷರ ಜಿಐಪಿ ರೈಲೂ ನಿಜಾಮರ ರೈಲೂ ಕೂಡುತ್ತಿದ್ದುದರಿಂದ ಒಂದೇ ಕಿಸೆಯಲ್ಲಿ ಎರಡು ಸರ್ಕಾರಗಳು ಗಲಗಲ ಅನ್ನುತ್ತಿದ್ದವು. ಭಾಗಾಕಾರ ಬಾರದವನು ಚಹಾ ಕುಡಿಯುವುದೂ ಕಷ್ಟವಿತ್ತು.

ಇನ್ನು ಕಾಲನಿರ್ಣಯ. ನಮ್ಮ ಸಂಗ್ರಹದ ಒಂದು ಬೆಳ್ಳಿ ರೂಪಾಯಿಯ ಮೇಲೆ 1342 ಎಂದಿದೆ. (ರೂಪಾಯಿ ಚಿಲ್ಲರೆ ಹೇಗಾದೀತು ಎಂಬ ಆಕ್ಷೇಪವನ್ನು ಪರಿಶಿಷ್ಟದಲ್ಲಿ ಪರಿಶೀಲಿಸಲಾಗಿದೆ. ಪರಿಶಿಷ್ಟ ಇಲ್ಲ.) ಕಲಬುರಗಿಯ ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ, ಅಂದಮೇಲೆ ನಾಣ್ಯ ಅದಕ್ಕಿಂತ ಐದು ವರ್ಷ ಹಿರಿದು. ಅದರ ಮೇಲೆ ಚಾರ್‌ಮಿನಾರ್ ಚಿತ್ರವಿದೆ. ಚಾರ್‌ಮಿನಾರ್ ಕಟ್ಟಿದ್ದು 1591ರಲ್ಲಿ. ಅಲ್ಪಮತಿಗಳು ಇಲ್ಲಿ ಗಾಬರಿಯಾಗುತ್ತಾರೆ. ನಾಣ್ಯ ನೋಡಿಯೇ ಚಾರ್‌ಮಿನಾರ್ ಕಟ್ಟಿರಬೇಕೆಂಬುದು ನಮ್ಮ ನಿಲುವು. ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತ ಹಿರಿಯರೊಬ್ಬರು ಮಾತ್ರ ಅದನ್ನು ಬೆಳಕಿಗೆ ಹಿಡಿದು, "ಏ ತಮ್ಮಾ, ಇದು ಹಿಜರಿ ಸನ್ ಅದ. ನಮ್ಮಪ್ಪಂದು ಲಗ್ನ ಆದ ಸಾಲಿಂದು" ಅಂದುಬಿಟ್ಟರು. ಅಂದರೆ 1923-24! ಇದನ್ನು ಮೌಖಿಕ ಪರಂಪರೆ ಎಂದು ವರ್ಗೀಕರಿಸಿ ಪಕ್ಕಕ್ಕಿಡಲಾಗಿದೆ.

ಅದೇ ಮಿನಾರಗಳ ನಡುವಿನ ಬಾಗಿಲಲ್ಲಿ ನಿಜಾಮರ ಹೆಸರಿನ ಮೊದಲ ಉರ್ದು ಅಕ್ಷರ ನಿಂತಿರುತ್ತದೆ. ನಾಣ್ಯ ನಿಜಾಮ ಮಹಬೂಬ್ ಅಲಿ ಖಾನರದಾದರೆ ಮೀಮ್, ಅವರ ನಂತರದ ಉಸ್ಮಾನ್ ಅಲಿ ಖಾನರದಾದರೆ ಐನ್. ಉಸ್ಮಾನರ ಮೊದಮೊದಲ ನಾಣ್ಯಗಳಲ್ಲಿ ಈ ಐನ್ ಅರ್ಧವೇ ಕಾಣುತ್ತದೆ, ಆಮೇಲಿನವುಗಳಲ್ಲಿ ಪೂರ್ತಿ. ಈ ಅರ್ಧ ಅಕ್ಷರಕ್ಕಾಗಿ ಸಂಗ್ರಾಹಕರು ಭೂತಕನ್ನಡಿ ಹಿಡಿದು ಊಟ ಬಿಟ್ಟಿದ್ದಾರೆ. ಪ್ರಬಂಧಕಾರನೂ ಬಿಟ್ಟಿದ್ದಾನೆ, ಆದರೆ ಅಂದು ಏಕಾದಶಿ.

ದರ್ಜೆಯ ವಿಷಯಕ್ಕೆ ಬಂದರೆ ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತಮ್ಮ ದೇಶದ ಹಳೆಯ ಸೆಂಟುಗಳಿಗಾಗಿ 1ರಿಂದ 70ರ ಅಂಕಪದ್ಧತಿ ಹೂಡಿದರು. ಯಾರೂ ಮುಟ್ಟದ್ದಕ್ಕೆ 70, ಗುರುತಷ್ಟೇ ಸಿಗುವಂತೆ ಸವೆದದ್ದಕ್ಕೆ 1. ಕೊಡ್ಲಿಯಲ್ಲಿ ಎಪ್ಪತ್ತು ಮೆಟ್ಟಿಲು ಹತ್ತುವ ಪುರುಸೊತ್ತು ಯಾರಿಗೂ ಇಲ್ಲ. "ಛಲೋ ಅದ", "ನಡಿತದ", "ಬಿಲ್ಲಿ ಆಗ್ಯದ" ಎಂಬ ಮೂರರಲ್ಲೇ ಶಾಸ್ತ್ರ ಮುಗಿಯುತ್ತದೆ.

ಆದರೆ ದರ್ಜೆಯ ಪರಮ ವೈರಿ ಇರುವುದು ಅಡುಗೆಮನೆಯಲ್ಲಿ. ತಾಮ್ರದ ಮೇಲೆ ಕಾಲ ಕೂರಿಸಿದ ಕಂದುಬಣ್ಣವೇ ಬೆಲೆ, ಉಜ್ಜಿದರೆ ಹೋಯಿತು ಎಂದು ಜಗತ್ತಿನ ತಜ್ಞರೆಲ್ಲ ಬಾಯಿ ಬಾಯಿ ಬಡಿದುಕೊಳ್ಳುತ್ತಾರೆ. ಅವ್ವ ಅದನ್ನು ಕೊಳೆ ಅನ್ನುತ್ತಾಳೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಹಿಂದಿನ ದಿನ ಡಬ್ಬಿ ಕೆಳಗಿಳಿಯುತ್ತದೆ: ಬೆಳ್ಳಿಗೆ ವಿಭೂತಿ, ತಾಮ್ರಕ್ಕೆ ನೆನೆಸಿದ ಹುಣಸೆಹಣ್ಣು, ಮೇಲೆ ಒಂದು ಚಿಟಿಕೆ ಉಪ್ಪು. ಹೆಬ್ಬೆರಳು ಸುತ್ತಿದಷ್ಟೂ ಎರಡು ಪೈಯ ಮೇಲಿನ ತುಘ್ರಾ ಎಂಬ ಬಳ್ಳಿಯಂಥ ಬರಹ ಒಂದೊಂದೇ ಎಳೆ ಕಳಚಿಕೊಳ್ಳುತ್ತದೆ. ನಾಣ್ಯವೇನೋ ಹೊಸ ತಂಬಿಗೆ ಹಂಗೆ ಫಳಫಳ. ಶೆಲ್ಡನ್ ಮಾನದಲ್ಲಿ ಒಂದು ಹಬ್ಬಕ್ಕೆ ಹತ್ತಂಕ ಇಳಿತ, ಅವ್ವನ ಮಾನದಲ್ಲಿ ಅಷ್ಟೇ ಏರಿಕೆ. ಉಭಯ ಪಂಥಗಳನ್ನು ಸಮನ್ವಯಗೊಳಿಸಲು ಹೋದವನಿಗೆ ಹೋಳಿಗೆ ಸಿಗಲಿಲ್ಲವೆಂದು ಕ್ಷೇತ್ರಕಾರ್ಯದಿಂದ ತಿಳಿದುಬಂದಿದೆ.

ಕೊನೆಯ ಪಂಥ ಸೇಡಂ ಬಜಾರಿನ ಪತ್ತಾರರದು. ಅವರು ಮೀಮ್ ನೋಡುವುದಿಲ್ಲ, ಐನ್ ನೋಡುವುದಿಲ್ಲ, ಸನ್ ಕೇಳುವುದಿಲ್ಲ. ತಕ್ಕಡಿಗೆ ಹಾಕಿ "ಬೆಳ್ಳಿ ಛಲೋ ಅದರಿ, ಕರಗಿಸಿದ್ರ ಇಷ್ಟ ಬರ್ತದ" ಎಂದು ಅಂಕಿ ಹೇಳುತ್ತಾರೆ. ಈ ಅಶಾಸ್ತ್ರೀಯ ವಿಧಾನವನ್ನು ಪ್ರಬಂಧಕಾರನು ಉಗ್ರವಾಗಿ ಖಂಡಿಸತಕ್ಕದ್ದು. ಬೆಳ್ಳಿಯ ದರ ಏರುತ್ತಿರುವಷ್ಟು ದಿನ ಖಂಡನೆಯನ್ನು ಮುಂದೂಡಲಾಗಿದೆ.