ಭಾವನ ಕಾರಿನ ಹೊಟ್ಟೆ

ಆಕ್ಸ್‌ಫರ್ಡಿಗೆ ಹೋಗಿ ಬಂದವರನ್ನು ಜನ ಗ್ರಂಥಾಲಯದ ಬಗ್ಗೆ ಕೇಳುತ್ತಾರೆ. ನಾನು ಅಲ್ಲಿ ಹೆಚ್ಚು ಹೊತ್ತು ನೋಡಿದ್ದು ಭಾವನ 1972ರ ಎಂಜಿಬಿ ಕಾರಿನ ತಳವನ್ನು. ಅದು ಹುಟ್ಟಿದ ಕಾರ್ಖಾನೆ ಹತ್ತಿರದ ಅಬಿಂಗ್ಡನ್‌ನಲ್ಲಿತ್ತು; 1980ರಲ್ಲಿ ಬಾಗಿಲು ಹಾಕಿತು. ಅಲ್ಲಿಂದೀಚೆಗೆ ಉಳಿದ ಕೆಲಸವನ್ನೆಲ್ಲ ಭಾವನಂಥವರು ಭಾನುವಾರಗಳಂದು ಸಂಬಳವಿಲ್ಲದೆ ಮಾಡುತ್ತಿದ್ದಾರೆ.

ಡಿಕ್ಕಿ ತೆರೆದರೆ ಪೆಟ್ರೋಲಿನ ಘಾಟು. ಟ್ಯಾಂಕು ಇರುವುದು ಅದರ ಅಡಿಯಲ್ಲೇ. ಕಲ್ಲು, ಕೆಸರು ಬಡಿಯುವುದು ಕೆಳಗಿನಿಂದಾದರೂ ಈ ಟ್ಯಾಂಕು ತೂತಾಗುವುದು ಮೇಲ್ಗಡೆ! ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುಕೆಸರು ಡಿಕ್ಕಿಗೂ ಟ್ಯಾಂಕಿಗೂ ನಡುವಿನ ಸಂದಿಗೆ ನುಗ್ಗಿ, ಒಣಗದೆ ಕೂತು, ತಗಡನ್ನು ನಿಧಾನವಾಗಿ ತಿನ್ನುತ್ತದೆ. ಹೀಗಾಗಿ ಅರ್ಧ ತುಂಬಿಸಿದರೆ ಸೋರದು, ಭರ್ತಿ ಮಾಡಿದರೆ ಸೋರುತ್ತದೆ. ಭಾವ ಬಂಕಿನಲ್ಲಿ ಅರ್ಧಕ್ಕೇ ಸಾಕೆನ್ನುತ್ತಿದ್ದುದನ್ನು ಅಕ್ಕ ಇಷ್ಟು ದಿನ ಮಿತವ್ಯಯವೆಂದು ನಂಬಿದ್ದಳು.

ಟ್ಯಾಂಕು ಹಿಂದಿದ್ದರೂ ಅದನ್ನು ಬದಲಿಸುವ ಕೆಲಸ ಶುರುವಾಗುವುದು ಸೀಟಿನ ಬೆನ್ನಿಗೆ. ಆರಾರು ವೋಲ್ಟಿನ ಎರಡು ಬ್ಯಾಟರಿ ಅಲ್ಲಿ ಹುದುಗಿವೆ. ಮೊದಲು ಅವುಗಳ ತಂತಿ ಬಿಚ್ಚಬೇಕು. ಆಮೇಲೆ ಪೆಟ್ರೋಲ್ ಬಸಿಯಬೇಕು. ಹನ್ನೆರಡು ಗ್ಯಾಲನ್ ಹಿಡಿಯುವ ಟ್ಯಾಂಕು, ಅಂದರೆ ಸುಮಾರು 54 ಲೀಟರ್. "ತುಂಬಿದ್ದಕ್ಕಿಂತ ಖಾಲಿ ಟ್ಯಾಂಕೇ ಅಪಾಯ ಕಣೋ, ಒಳಗೆಲ್ಲ ಆವಿ" ಎಂದ ಭಾವ, ಕಾರನ್ನು ಬಯಲಿಗೆ ತಳ್ಳಿಸಿ, ಅಡುಗೆಮನೆಯಲ್ಲಿ ಒಗ್ಗರಣೆಯನ್ನೂ ನಿಷೇಧಿಸಿದರು. ಮಧ್ಯಾಹ್ನ ಬರಿ ಮೊಸರನ್ನ, ಉಪ್ಪಿನಕಾಯಿ.

ನಟ್ಟುಗಳು ಜಗ್ಗಲಿಲ್ಲ. ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಟ್ಟೆವು. ಬೆಳಿಗ್ಗೆ ಒಂದು ಬಹಳ ಸಲೀಸಾಗಿ ತಿರುಗಿತು, ಬೋಲ್ಟು ತುಂಡಾಗಿತ್ತು. ಗೇಜಿನ ಫ್ಲೋಟನ್ನು ಹಿಡಿದಿಡುವ ಬಳೆಯನ್ನು ಕಿಡಿ ಹಾರದಂತೆ ಹಿತ್ತಾಳೆ ತುಂಡಿನಿಂದಲೇ ತಟ್ಟಬೇಕು. ನನಗೆ ಒಪ್ಪಿಸಿದ ಗೌರವದ ಕೆಲಸವೆಂದರೆ ಇದೊಂದೇ. ಉಳಿದಂತೆ ಹೊಸ ಟ್ಯಾಂಕನ್ನು ಎದೆಯ ಮೇಲೆ ಹೊತ್ತು ಮಲಗಿ, "ಇನ್ನೂ ಸ್ವಲ್ಪ ಮೇಲೆ" ಎಂಬ ಅಪ್ಪಣೆಗೆ ಕಾಯುವುದು.

ಎಲ್ಲ ಬಿಗಿದು, ಪೆಟ್ರೋಲ್ ಸುರಿದು, ಭಾವ ಕೀಲಿ ತಿರುವಿದರು. ಈ ಕಾರಿನ ವಿದ್ಯುತ್ ಪಂಪು ಕಾರ್ಬ್ಯುರೇಟರ್ ತುಂಬುವವರೆಗೆ ಗೋಡೆಯ ಹಲ್ಲಿಯಂತೆ ಲೊಚಗುಟ್ಟುತ್ತದೆ. "ಇನ್ನು ಹನಿಯೂ ಸೋರಲ್ಲ" ಎಂದು ಭಾವ ಹೇಳುವುದಕ್ಕೂ ಅದು ಲೊಚಗುಟ್ಟುವುದಕ್ಕೂ ಸರಿಹೋಯಿತು. ಅಕ್ಕ ಬಾಗಿಲಲ್ಲೇ ಕುಕ್ಕರಿಸಿ, ನೆಲಕ್ಕೆ ಬೆರಳು ಬಡಿದು, "ಕೃಷ್ಣ ಕೃಷ್ಣ" ಎಂದಳು. ಪಂಪು ಕ್ರಮವಾಗಿ ನಿಧಾನಿಸಿ ನಿಂತಿತು. ಹನಿಯೂ ಸೋರಲಿಲ್ಲ.

ಗೇಜಿನ ಮುಳ್ಳು ಮಾತ್ರ ಭರ್ತಿ ಟ್ಯಾಂಕಿಗೂ ಅರ್ಧ ಎಂದೇ ತೋರಿಸುತ್ತಿದೆ.

"ಮತ್ತೆ ಬಿಚ್ಚೋದೇ ಭಾವ?"

"ಬೇಡ ಬೇಡ! ಎಷ್ಟು ಮೈಲಿ ಓಡಿತು ಅಂತ ನೋಡಿ ಲೆಕ್ಕ ಹಾಕಿದರಾಯ್ತು."

"ರೀ, ಮೈಲಿ ಮೀಟರ್ ನಿಂತು ಎಷ್ಟು ವರ್ಷ ಆಯ್ತು?" ಎಂದಳು ಅಕ್ಕ.

ಭಾವ ಡ್ಯಾಶ್‌ಬೋರ್ಡಿನ ಅಡಿಗೆ ಟಾರ್ಚು ಬಿಟ್ಟು ನೋಡಿದರು. ಆಮೇಲೆ ನನ್ನ ವಾಪಸು ಟಿಕೆಟ್ ಯಾವತ್ತಿಗೆ ಅಂತ ಕೇಳಿದರು.